ಇಂಗ್ಲಿಷ್ ತರಗತಿ: ಕೇಳುವುದು, ಮಾತಾಡುವುದು, ಓದುವುದು, ಬರೆಯುವುದನ್ನು ಕಲಿಸುವ ಮತ್ತು ಅಳೆಯುವ ಸಮಗ್ರ ಮಾರ್ಗದರ್ಶಿ

ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಎಸ್‌ಎಸ್‌ಎಲ್‌ಸಿಗೆ ಬರುವ ಹೊತ್ತಿಗೆ ಮಗು ಹತ್ತು ವರ್ಷ ಇಂಗ್ಲಿಷ್ ಓದಿರುತ್ತದೆ. ಆದರೂ ಯಾರಾದರೂ ಇಂಗ್ಲಿಷಿನಲ್ಲಿ ದಾರಿ ಕೇಳಿದರೆ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ. ಅದೇ ಮಗುವಿಗೆ ನೋಟ್ಸಿನ ಪ್ರಶ್ನೆ ಕೊಡಿ, ಒಂದು ಅಕ್ಷರ ಬಿಡದೆ ಉತ್ತರ ಬರೆಯುತ್ತದೆ. ಮಗುವಿನ ಶಕ್ತಿಯಲ್ಲಿ ಕೊರತೆ ಇಲ್ಲ. ನಾವು ಪರೀಕ್ಷೆಯಲ್ಲಿ ಏನು ಕೇಳುತ್ತೇವೋ ಅದನ್ನೇ ಅದು ಕಲಿತಿದೆ, ಅಷ್ಟೇ.

ಹಾಗಾಗಿ ಕಲಿಸುವುದನ್ನೂ ಅಳೆಯುವುದನ್ನೂ ಇಲ್ಲಿ ಬೇರೆ ಬೇರೆ ಮಾಡಿಲ್ಲ. ಮಾತನ್ನು ಮಾತಿನಿಂದಲೇ ಅಳೆಯಬೇಕು, ಓದನ್ನು ಮಗು ಹಿಂದೆ ನೋಡಿರದ ಪಠ್ಯದಿಂದ ಅಳೆಯಬೇಕು. ಇದನ್ನು ಗಟ್ಟಿ ಮಾಡಿಕೊಂಡರೆ ಪಾಠ ಮಾಡುವ ರೀತಿ ತಾನಾಗಿಯೇ ಬದಲಾಗುತ್ತದೆ. ಐದರಿಂದ ಎಂಟನೇ ತರಗತಿ, ಸುಮಾರು ನಲವತ್ತು ಮಕ್ಕಳು, ಒಬ್ಬರೇ ಟೀಚರ್ ಎಂದಿಟ್ಟುಕೊಂಡು ಬರೆದಿದ್ದೇನೆ.

ಹೆಜ್ಜೆ 1: ಮೊದಲು ಮಗು ಎಲ್ಲಿದೆ ನೋಡಿ

ಜೂನ್‌ನಲ್ಲಿ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಜೋಡಿಸುವ ಪಾಠಗಳು) ಶುರುವಾದಾಗ ನೈದಾನಿಕ ಪರೀಕ್ಷೆ, ಅಂದರೆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯುವ ಪರೀಕ್ಷೆ, ಮಾಡುತ್ತೇವಲ್ಲ, ಅದನ್ನು ಬರೀ ಲಿಖಿತ ಪರೀಕ್ಷೆಯಾಗಿ ಮುಗಿಸಬೇಡಿ. ಓದಲು ಬಾರದ ಮಗು ಪಕ್ಕದವರ ಹಾಳೆ ನೋಡಿ ಬರೆದುಬಿಡುತ್ತದೆ. ನಿಮ್ಮ ಪುಸ್ತಕದಲ್ಲಿ ಅಂಕ ಉಳಿಯುತ್ತದೆ, ಮಗುವಿನ ಕಷ್ಟ ಮಾತ್ರ ಕಾಣುವುದಿಲ್ಲ.

ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು ಎರಡು ಮೂರು ನಿಮಿಷ ಕೊಡಿ. ಮಕ್ಕಳ ಓದು, ಲೆಕ್ಕದ ಮಟ್ಟ ನೋಡುವ ಅಸರ್ ಸಮೀಕ್ಷೆಯವರು ಹಳ್ಳಿಗಳಲ್ಲಿ ಬಳಸಿದ ಕ್ರಮ ಇದಕ್ಕೆ ಒಳ್ಳೆಯ ಮಾದರಿ: ದೊಡ್ಡ ಅಕ್ಷರ, ಸಣ್ಣ ಅಕ್ಷರ, ಸುಲಭ ಪದ, ಸುಲಭ ವಾಕ್ಯ. ಒಂದು ರಟ್ಟಿನ ಮೇಲೆ ಬರೆದುಕೊಂಡರೆ ಸಾಕು. ಪದ ಓದಿದ ಮೇಲೆ ಅದರ ಅರ್ಥವನ್ನು ಕನ್ನಡದಲ್ಲೇ ಕೇಳಿ. ಆಮೇಲೆ "ಓಪನ್ ದ ಬ್ಯಾಗ್, ಟೇಕ್ ಔಟ್ ಎ ಪೆನ್ಸಿಲ್" ಎಂಬಂಥ ಎರಡು ಸೂಚನೆ ಕೊಡಿ. ಕೊನೆಗೆ ಹೆಸರು, ಮನೆ, ಇಷ್ಟದ ತಿಂಡಿಯ ಬಗ್ಗೆ ಎರಡು ಪ್ರಶ್ನೆ ಕೇಳಿ.

ದಿನಕ್ಕೆ ಎಂಟು ಮಕ್ಕಳಂತೆ ಮಾಡಿದರೆ ಒಂದು ವಾರದಲ್ಲಿ ಮುಗಿಯುತ್ತದೆ. ಉಳಿದವರಿಗೆ ಚಿತ್ರ ಬಿಡಿಸುವ, ಪದ ಹೊಂದಿಸುವ ಕೆಲಸ ಕೊಟ್ಟಿರಿ. ಒಂದೇ ಹಾಳೆಯಲ್ಲಿ ಎಲ್ಲರ ಹೆಸರು ಬರೆದು, ಪಕ್ಕದಲ್ಲಿ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಕಾಲಂ ಹಾಕಿ. ಈ ಹಾಳೆ ವರ್ಷವಿಡೀ ಬೇಕಾಗುತ್ತದೆ.

ಏಳನೇ ತರಗತಿಯಲ್ಲೂ ಸಣ್ಣ ಅಕ್ಷರ ತಡವರಿಸುವವರು ಸಿಗುತ್ತಾರೆ. ಅವರ ಮುಂದೆ ಬೇಸರ ತೋರಿಸಬೇಡಿ. ತನಗೆ ಬರುವುದಿಲ್ಲ ಅಂತ ಟೀಚರಿಗೆ ಗೊತ್ತಾದರೂ ಬೈಗುಳ ಬೀಳಲಿಲ್ಲ ಎಂದು ಮಗುವಿಗೆ ಖಾತ್ರಿಯಾದ ದಿನವೇ ಅದರ ಕಲಿಕೆ ಶುರು.

ಹೆಜ್ಜೆ 2: ಪಾಠಕ್ಕೆ ಮೊದಲು ಪರೀಕ್ಷೆ ಬರೆದುಕೊಳ್ಳಿ

ಒಂದು ಘಟಕ ಶುರು ಮಾಡುವ ಮುಂಚೆ ಪಾಠ ಟಿಪ್ಪಣಿಯ ಮೇಲ್ಭಾಗದಲ್ಲಿ ಒಂದು ವಾಕ್ಯ ಬರೆಯಿರಿ: ಈ ಘಟಕ ಮುಗಿದಾಗ ಮಗು ಏನು ಮಾಡಬಲ್ಲದು? "ಪಾಠದ ಸಾರಾಂಶ ಹೇಳುತ್ತದೆ" ಎಂದು ಬರೆದರೆ ನೀವು ಮತ್ತೆ ಬಾಯಿಪಾಠಕ್ಕೇ ಹೋಗುತ್ತೀರಿ. "ಬಸ್ಸಿನ ಸಮಯ, ಟಿಕೆಟ್ ದರ ಇಂಗ್ಲಿಷಿನಲ್ಲಿ ಕೇಳಿ ತಿಳಿದುಕೊಳ್ಳುತ್ತದೆ", "ತನ್ನೂರಿನ ಜಾತ್ರೆ ಬಗ್ಗೆ ಆರು ವಾಕ್ಯ ಸ್ವಂತವಾಗಿ ಬರೆಯುತ್ತದೆ" ಎಂದು ಬರೆದರೆ ಏನು ಕಲಿಸಬೇಕು, ಹೇಗೆ ಅಳೆಯಬೇಕು ಎರಡೂ ಕಣ್ಣಿಗೆ ಕಾಣುತ್ತವೆ. ಇಲಾಖೆಯ ಕಲಿಕಾ ಫಲಗಳ ಪಟ್ಟಿಯಲ್ಲಿ ಇಂಥವು ಬೇಕಾದಷ್ಟಿವೆ. ಒಂದು ಘಟಕಕ್ಕೆ ಎರಡು ಮೂರು ಆರಿಸಿಕೊಳ್ಳಿ, ಜಾಸ್ತಿ ಬೇಡ.

ಹೆಜ್ಜೆ 3: ಕೇಳಿಸಿಕೊಳ್ಳುವುದು

ನಮ್ಮ ತರಗತಿಗಳಲ್ಲಿ ಅತಿ ಕಡಿಮೆ ಕಲಿಸುವ ಕೌಶಲ ಇದು. ಹಳ್ಳಿಯ ಮಗುವಿಗೆ ಇಂಗ್ಲಿಷ್ ಕಿವಿಗೆ ಬೀಳುವ ಜಾಗ ಹೆಚ್ಚಾಗಿ ನಿಮ್ಮ ಪಿರಿಯಡ್ ಒಂದೇ. ಅಲ್ಲೂ ಕನ್ನಡ ಅನುವಾದವೇ ನಡೆದರೆ ಮಗು ಎಲ್ಲಿ ಕೇಳಬೇಕು?

ದಿನದ ಸೂಚನೆಗಳನ್ನೆಲ್ಲ ಇಂಗ್ಲಿಷಿಗೆ ತನ್ನಿ. ಪುಸ್ತಕ ತೆಗೆಯಿರಿ, ಬೆಂಚು ಸರಿಸಿ, ಜೋಡಿಯಾಗಿ ಕೂರಿ, ಇವು ದಿನಾ ಬರುವ ಮಾತುಗಳು. ಒಂದೇ ಮಾತನ್ನು ಒಂದೇ ರೀತಿ ಹೇಳಿ, ಕೈಸನ್ನೆ ಸೇರಿಸಿ. ಎರಡು ವಾರದಲ್ಲಿ ಸನ್ನೆ ಬಿಟ್ಟು ನೋಡಿ, ಮಕ್ಕಳು ಮಾಡುತ್ತಾರೆ.

ಕಥೆ ಹೇಳುವಾಗ ಓದುವ ಮುಂಚೆಯೇ ಒಂದು ಪ್ರಶ್ನೆ ಕೊಡಿ. "ಹಸು ಎಲ್ಲಿ ತಪ್ಪಿಸಿಕೊಂಡಿತು, ಅದನ್ನು ಮಾತ್ರ ಕೇಳಿಸಿಕೊಳ್ಳಿ." ಏನನ್ನು ಹುಡುಕಬೇಕು ಎಂದು ಗೊತ್ತಿದ್ದರೆ ಮಗು ಗೊತ್ತಿಲ್ಲದ ಪದ ದಾಟಿಕೊಂಡು ಹೋಗುತ್ತದೆ. ಎರಡನೇ ಸಲ ಓದುವಾಗ ಬೇರೆ ಪ್ರಶ್ನೆ ಕೊಡಿ.

ಅಳೆಯುವಾಗ ಒಂದು ಮುಖ್ಯ ವಿಷಯ: ಕೇಳುವ ಪರೀಕ್ಷೆಯಲ್ಲಿ ಇಂಗ್ಲಿಷ್ ಬರೆಸಬೇಡಿ. ಬರೆಸಿದರೆ ನೀವು ಅಳೆಯುವುದು ಸ್ಪೆಲಿಂಗನ್ನು. "ಮನೆ ಬಿಡಿಸಿ, ಎಡಕ್ಕೆ ಒಂದು ತೆಂಗಿನ ಮರ, ಮರದ ಕೆಳಗೆ ಎರಡು ಕೋಳಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಚಿತ್ರ ಬರೆಸಿ. ಐದು ವಿವರ, ಐದು ಅಂಕ. ದೊಡ್ಡ ಮಕ್ಕಳಾದರೆ ಉತ್ತರ ಕನ್ನಡದಲ್ಲಿ ಬರೆಯಲಿ, ಪೂರ್ತಿ ಅಂಕ ಕೊಡಿ. ಇದಕ್ಕೆ ಕೆಲವರು ಒಪ್ಪುವುದಿಲ್ಲ. ಆದರೆ ಕೇಳಿ ಅರ್ಥ ಮಾಡಿಕೊಂಡಿದ್ದಕ್ಕೆ ಕನ್ನಡದ ಉತ್ತರಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಕನ್ನಡ ಎಷ್ಟು ಬಳಸಬೇಕು ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ಕಷ್ಟದ ಚಟುವಟಿಕೆ ವಿವರಿಸಲು, ಒಂದು ಪದದ ಅರ್ಥ ಥಟ್ಟನೆ ಹೇಳಲು, ಹೆದರಿದ ಮಗುವಿಗೆ ಧೈರ್ಯ ತುಂಬಲು ಧಾರಾಳವಾಗಿ ಬಳಸಿ. ಸಾಲು ಸಾಲಿಗೆ ಅನುವಾದ ಮಾತ್ರ ಬೇಡ. ಕನ್ನಡ ಸಾಲು ಬಂದೇ ಬರುತ್ತದೆ ಎಂದು ಗೊತ್ತಾದರೆ ಮಗು ಇಂಗ್ಲಿಷ್ ಸಾಲಿಗೆ ಕಿವಿ ಕೊಡುವುದಿಲ್ಲ.

ಹೆಜ್ಜೆ 4: ಮಾತಾಡಿಸುವುದು

ನಲವತ್ತು ಮಕ್ಕಳು, ನಲವತ್ತು ನಿಮಿಷ. ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ ತಲಾ ಒಂದು ನಿಮಿಷವೂ ಸಿಗುವುದಿಲ್ಲ. ಆದ್ದರಿಂದ ಜೋಡಿ ಕೆಲಸವೇ ದಾರಿ. ಆದರೆ ಜೋಡಿ ಮಾಡಿ "ಮಾತಾಡಿ" ಎಂದರೆ ಮಕ್ಕಳು ಕನ್ನಡದಲ್ಲಿ ಹರಟುತ್ತಾರೆ. ಮಾತಾಡದೆ ಕೆಲಸ ಮುಗಿಯದಂಥ ಸನ್ನಿವೇಶ ಬೇಕು.

ಇದರ ಬಗ್ಗೆ ಜಗತ್ತಿಗೆ ದೊಡ್ಡ ಪಾಠ ಹೋಗಿದ್ದೇ ನಮ್ಮ ಬೆಂಗಳೂರಿನಿಂದ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು ಮತ್ತು ಅವರ ಜೊತೆಗಾರರು ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಟ್ಟಿ ಹಿಡಿದು ಕಲಿಸುವುದನ್ನು ಬಿಟ್ಟು, ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ತಲೆ ಓಡಿಸುವ ಕೆಲಸ ಕೊಟ್ಟರು. ಮೊದಲು ಟೀಚರ್ ಇಡೀ ತರಗತಿಯ ಜೊತೆ ಒಂದು ಕೆಲಸವನ್ನು ಬಾಯಿಮಾತಿನಲ್ಲಿ ಬಿಡಿಸುತ್ತಿದ್ದರು. ಆಮೇಲೆ ಅಂಥದ್ದೇ ಇನ್ನೊಂದನ್ನು ಮಕ್ಕಳು ಒಬ್ಬೊಬ್ಬರೇ ಮಾಡಬೇಕಿತ್ತು. ಗಮನ ಅರ್ಥದ ಮೇಲಿದ್ದಾಗ ಭಾಷೆ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಇಂದು ಲೋಕದೆಲ್ಲೆಡೆ ಕಾರ್ಯಾಧಾರಿತ ಭಾಷಾ ಬೋಧನೆಯ (ಹೀಗೆ ಕೆಲಸ ಕೊಟ್ಟು ಭಾಷೆ ಕಲಿಸುವುದರ) ಮಾತು ಬಂದರೆ ಈ ಪ್ರಯೋಗದ, ಅಂದರೆ ಬೆಂಗಳೂರು ಪ್ರಾಜೆಕ್ಟಿನ ಹೆಸರು ಬರುತ್ತದೆ. ನಮ್ಮ ಶಿಕ್ಷಕರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ ಎನ್ನುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಹಾವೇರಿ ಬಸ್‌ಸ್ಟ್ಯಾಂಡನ್ನು ಇಟ್ಟುಕೊಂಡು ಇದನ್ನೇ ಮಾಡೋಣ. ಎರಡು ಚೀಟಿ ತಯಾರಿಸಿ. ಎರಡರಲ್ಲೂ ಹುಬ್ಬಳ್ಳಿ, ಸವಣೂರು, ರಾಣೆಬೆನ್ನೂರು, ಬ್ಯಾಡಗಿ ಎಂಬ ನಾಲ್ಕು ಊರು. ಮೊದಲ ಚೀಟಿಯಲ್ಲಿ ಹುಬ್ಬಳ್ಳಿ, ಸವಣೂರು ಬಸ್ಸಿನ ಸಮಯ ಇದೆ, ಉಳಿದೆರಡು ಖಾಲಿ. ಎರಡನೆಯದರಲ್ಲಿ ಉಲ್ಟಾ. ಬ್ಯಾಡಗಿಗೆ ಮಾತ್ರ 8:45, 9:15, 9:45 ಎಂದು ಮೂರು ಬಸ್ಸು ಹಾಕಿ. ಒಬ್ಬರ ಚೀಟಿ ಇನ್ನೊಬ್ಬರು ನೋಡುವಂತಿಲ್ಲ.

ಮೊದಲ ಐದು ನಿಮಿಷ ನೀವೇ ಒಬ್ಬ ಹುಡುಗಿಯ ಜೊತೆ ಮಾಡಿ ತೋರಿಸಿ. ಬೋರ್ಡಿನ ಮೇಲೆ ಎರಡೇ ಸಾಲು ಇರಲಿ: "ವಾಟ್ ಟೈಮ್ ಈಸ್ ದ ಬಸ್ ಟು ಬ್ಯಾಡಗಿ?" ಮತ್ತು "ಇಟ್ ಲೀವ್ಸ್ ಅಟ್...". ಬಾಯಿಗೆ ಕೂರುವವರೆಗೆ ಎಲ್ಲರಿಂದ ಹೇಳಿಸಿ. ಆಮೇಲೆ ಜೋಡಿಗಳು ಹತ್ತು ನಿಮಿಷ ಕೇಳಿ ಬರೆದುಕೊಳ್ಳಲಿ. ಗಲಾಟೆ ಆಗುತ್ತದೆ, ಆಗಲಿ. ಪಕ್ಕದ ತರಗತಿಯವರಿಗೆ ಮೊದಲೇ ಒಂದು ಮಾತು ಹೇಳಿರಿ.

ಮುಂದಿನ ಹಂತದಲ್ಲಿ ತಲೆಗೆ ಕೆಲಸ. "ಅಜ್ಜ 10 ಗಂಟೆಗೆ ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಮುಟ್ಟಬೇಕು. ಅರ್ಧ ಗಂಟೆ ದಾರಿ. ಯಾವ ಬಸ್ಸು ಹತ್ತಬೇಕು, ಯಾಕೆ?" ಇಲ್ಲಿ ಸಿದ್ಧ ಉತ್ತರ ಇಲ್ಲ. 9:15ರ ಬಸ್ಸು ಅಂತ ಒಬ್ಬರು, ಬಸ್ಸು ಲೇಟ್ ಆದರೆ ಏನು ಗತಿ, 8:45ರದ್ದೇ ವಾಸಿ ಅಂತ ಇನ್ನೊಬ್ಬರು. ಆ ಜಗಳ ತುಂಡು ತುಂಡು ಇಂಗ್ಲಿಷಿನಲ್ಲಿ ನಡೆದರೂ ಸರಿ, ಅದು ನಿಜವಾದ ಮಾತು.

ಪ್ರಭು ಅವರು ಜೋಡಿ, ಗುಂಪು ಕೆಲಸಕ್ಕೆ ಒತ್ತು ಕೊಡಲಿಲ್ಲ. ಮಕ್ಕಳು ಪರಸ್ಪರರ ಅರೆಬರೆ ಇಂಗ್ಲಿಷನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ ಎಂಬ ಅಳುಕು ಅವರಿಗಿತ್ತು. ಆ ಮಾತಿನಲ್ಲಿ ಹುರುಳಿದೆ. ಆದರೂ ಜೋಡಿ ಬಿಟ್ಟರೆ ನಲವತ್ತು ಮಕ್ಕಳಿಗೆ ಬಾಯಿ ತೆರೆಯಲು ಬೇರೆ ಅವಕಾಶ ಇಲ್ಲ. ಹಾಗಾಗಿ ಜೋಡಿ ಕೆಲಸದ ಮುಂಚೆ ಮತ್ತು ಆಮೇಲೆ ಟೀಚರ್ ಜೊತೆ ಸರಿಯಾದ ಮಾತು ನಡೆಯಲೇಬೇಕು.

ತಿದ್ದುವ ವಿಷಯ. ಮಗು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕಬೇಡಿ. "ಹೀ ಗೋ ಮಾರ್ಕೆಟ್" ಅಂದರೆ "ಓ, ಹೀ ಗೋಸ್ ಟು ದ ಮಾರ್ಕೆಟ್? ವೆನ್?" ಎಂದು ಸರಿ ರೂಪವನ್ನು ನಿಮ್ಮ ಮಾತಿನಲ್ಲೇ ತಂದು ಮುಂದೆ ಹೋಗಿ. ಮಕ್ಕಳೆಲ್ಲ ಮಾಡುವ ತಪ್ಪನ್ನು ಕೊನೆಯ ಐದು ನಿಮಿಷದಲ್ಲಿ, ಯಾರ ಹೆಸರೂ ಹೇಳದೆ, ಬೋರ್ಡಿನ ಮೇಲೆ ತಿದ್ದಿ. ಉಚ್ಚಾರಣೆಯಲ್ಲಿ ಎಗ್ ಎನ್ನುವುದು ಯೆಗ್ ಆಗುವುದು, ಬುಕ್ ಎನ್ನುವುದು ಬುಕ್ಕು ಆಗುವುದು ನಮ್ಮ ನಾಲಿಗೆಯ ಗುಣ. ಕೇಳುವವರಿಗೆ ಅರ್ಥವಾದರೆ ಅದಕ್ಕೆ ಅಂಕ ಕಡಿಯಬೇಡಿ. ಅರ್ಥವೇ ಬದಲಾಗುವ ಕಡೆ, ಅಂದರೆ ಶಿಪ್ ಮತ್ತು ಶೀಪ್, ಪೆನ್ ಮತ್ತು ಪ್ಯಾನ್ ಥರದ ಜೋಡಿಗಳಲ್ಲಿ, ಅಭ್ಯಾಸ ಮಾಡಿಸಿ.

ಅಳೆಯುವುದಕ್ಕೆ ಪ್ರತ್ಯೇಕ ದಿನ ಬೇಡ. ಜೋಡಿ ಕೆಲಸ ನಡೆಯುವಾಗ ದಿನಕ್ಕೆ ಐದು ಮಕ್ಕಳನ್ನು ಮಾತ್ರ ಗಮನಿಸಿ. ಎಂಟು ಪಿರಿಯಡ್‌ಗಳಲ್ಲಿ ಇಡೀ ತರಗತಿ ಮುಗಿಯುತ್ತದೆ. ತಪಶೀಲು ಪಟ್ಟಿಯಲ್ಲಿ (ಚೆಕ್ ಲಿಸ್ಟ್) ಮೂರೇ ಅಂಶ ಇರಲಿ: ಹೇಳಿದ್ದು ಅರ್ಥವಾಯಿತಾ, ಎದುರಿನವರ ಮಾತಿಗೆ ಹೊಂದುವ ಉತ್ತರ ಬಂತಾ, ಬಾಯಿಪಾಠ ಬಿಟ್ಟು ತಾನೇ ಒಂದೆರಡು ಮಾತು ಸೇರಿಸಿತಾ. ಇಲ್ಲ, ಸ್ವಲ್ಪ, ಚೆನ್ನಾಗಿ ಎಂದು 0, 1, 2 ಹಾಕಿ. ಹತ್ತು ಅಂಶಗಳ ಪಟ್ಟಿ ಮಾಡಿದರೆ ಪಟ್ಟಿ ತುಂಬುವುದರಲ್ಲೇ ಮಗುವಿನ ಮಾತು ಕಿವಿಗೆ ಬೀಳುವುದಿಲ್ಲ.

ಎಲ್ಲ ತರಗತಿಯಲ್ಲೂ ಬಾಯೇ ಬಿಡದ ಮೂರು ನಾಲ್ಕು ಮಕ್ಕಳಿರುತ್ತಾರೆ. ಅವರಿಗೆ ತಕ್ಷಣ ಸೊನ್ನೆ ಹಾಕಬೇಡಿ. ಗೆಳತಿಯ ಜೊತೆ, ವರಾಂಡದಲ್ಲಿ, ನೀವು ದೂರದಲ್ಲಿ ನಿಂತಾಗ ಮಾತಾಡುತ್ತಾರಾ ನೋಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಬಿಟ್ಟರೆ ಕೆಲವರು ಎರಡು ಮೂರು ಸಲ ಅಳಿಸಿ, ಮತ್ತೆ ಹೇಳಿ, ಚೆನ್ನಾಗಿ ಬಂದದ್ದನ್ನು ತಂದು ಕೇಳಿಸುತ್ತಾರೆ. ಅದೂ ಮಾತೇ, ಅಂಕ ಕೊಡಿ.

ಹೆಜ್ಜೆ 5: ಓದುವುದು

ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಧ್ವನಿಯೂ ಒಂದೇ. "ಕ" ಅಂದರೆ ಕ. ಇಂಗ್ಲಿಷಿನಲ್ಲಿ ಹಾಗಲ್ಲ. ಸಿ, ಎ, ಟಿ ಅಂತ ಮೂರು ಅಕ್ಷರ ಸರಿಯಾಗಿ ಹೇಳಿದ ಮಗು "ಕ್ಯಾಟ್" ಎಂದು ಓದಲು ಒದ್ದಾಡುತ್ತದೆ. ಆ ಮೂರು ಹೆಸರುಗಳಲ್ಲಿ ಕ್ಯಾಟ್‌ನ ಸದ್ದು ಎಲ್ಲೂ ಸರಿಯಾಗಿ ಕೇಳುವುದಿಲ್ಲವಲ್ಲ! ಆದ್ದರಿಂದ ಓದಲು ಬಾರದವರಿಗೆ ಅಕ್ಷರದ ಹೆಸರಿಗಿಂತ ಧ್ವನಿ ಮೊದಲು ಕಲಿಸಿ. 26 ಅಕ್ಷರಗಳಿಗೆ ಸುಮಾರು 44 ಧ್ವನಿಗಳಿವೆ, ಒಟ್ಟಿಗೆ ಸುರಿಯಬೇಡಿ. ಕ್ಯಾಟ್, ಮ್ಯಾಟ್, ರ‍್ಯಾಟ್ ಎಂಬ ಒಂದೇ ಬಗೆಯ ಪದಗಳಿಂದ ಶುರು ಮಾಡಿ.

ಧ್ವನಿ ಕೂಡಿಸಿ ಓದಲಾಗದ ಚಿಕ್ಕ ಪದಗಳೂ ಬಹಳ ಇವೆ: ದ, ವಾಸ್, ಸೆಡ್, ದೇ. ಇವನ್ನು ಕಣ್ಣಿನಿಂದಲೇ ಗುರುತಿಸುವಂತೆ ಮಾಡಬೇಕು. ಎಡ್ವರ್ಡ್ ಡಾಲ್ಚ್ ಎಂಬವರು 1936ರಲ್ಲಿ ಇಂಥವೂ ಸೇರಿದಂತೆ ಪದೇ ಪದೇ ಬರುವ 220 ಪದಗಳ ಪಟ್ಟಿ ಮಾಡಿದ್ದರು, ಇಂದಿಗೂ ಉಪಯೋಗಕ್ಕೆ ಬರುತ್ತದೆ. ವಾರಕ್ಕೆ ಎಂಟು ಹತ್ತು ಪದಗಳನ್ನು ಗೋಡೆಗೆ ಅಂಟಿಸಿ.

ಒಬ್ಬರು ಜೋರಾಗಿ ಓದುವುದು, ಉಳಿದವರು ಬೆರಳಿಟ್ಟು ಹಿಂಬಾಲಿಸುವುದು ನಮ್ಮಲ್ಲಿ ರೂಢಿ. ಇದರಲ್ಲಿ ಓದುವವರು ಒಬ್ಬರೇ. ಅದರ ಬದಲು ಚಿಕ್ಕ ಪಠ್ಯ ಕೊಟ್ಟು ಐದು ನಿಮಿಷ ಮೌನವಾಗಿ ಓದಿಸಿ, ಓದುವ ಮುಂಚೆ ಒಂದು ಪ್ರಶ್ನೆ ಕೊಟ್ಟಿರಿ. ಸಾಲಿನಲ್ಲೇ ಇರುವ ಉತ್ತರ, ಸಾಲುಗಳ ನಡುವೆ ಊಹಿಸಬೇಕಾದ ಉತ್ತರ, ಮಗುವಿನ ಸ್ವಂತ ಅಭಿಪ್ರಾಯ, ಈ ಮೂರೂ ಬಗೆಯ ಪ್ರಶ್ನೆ ಬರಲಿ.

ಪರೀಕ್ಷೆಯಲ್ಲಿ ಪಾಠಪುಸ್ತಕದ ಗದ್ಯಭಾಗವನ್ನೇ ಕೊಟ್ಟರೆ ನೆನಪನ್ನು ಅಳೆದಂತೆ. ಅದೇ ಮಟ್ಟದ, ಮಕ್ಕಳು ನೋಡಿರದ ಎಂಟು ಹತ್ತು ಸಾಲು ನೀವೇ ಬರೆಯಿರಿ: ಶಾಲೆಯ ನೋಟಿಸು, ಔಷಧಿ ಚೀಟಿ, ಕ್ರಿಕೆಟ್ ಮ್ಯಾಚಿನ ಸುದ್ದಿ. ಗಟ್ಟಿಯಾಗಿ ಓದುವುದನ್ನೂ ಅರ್ಥ ಮಾಡಿಕೊಳ್ಳುವುದನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಪಟಪಟ ಓದಿ ಏನೂ ಅರ್ಥವಾಗದ ಮಕ್ಕಳಿದ್ದಾರೆ, ತಡವರಿಸಿ ಓದಿ ಎಲ್ಲ ಅರ್ಥ ಮಾಡಿಕೊಳ್ಳುವವರೂ ಇದ್ದಾರೆ. ಇಬ್ಬರಿಗೂ ಬೇಕಾದ ಸಹಾಯ ಬೇರೆ.

ಹೆಜ್ಜೆ 6: ಬರೆಯುವುದು

ಬೋರ್ಡಿನಿಂದ ನಕಲು ಮಾಡುವುದು ಕೈಬರಹ ಮಾತ್ರ. ಬರವಣಿಗೆ ಎಂದರೆ ಮಗು ತನ್ನ ಮಾತನ್ನು ತಾನು ಹಾಳೆಗಿಳಿಸುವುದು. ಮೊದಲು ಇಡೀ ತರಗತಿ ಸೇರಿ ಬೋರ್ಡಿನ ಮೇಲೆ ಒಂದು ಪ್ಯಾರಾ ಕಟ್ಟಿ. ಮಕ್ಕಳು ಹೇಳುತ್ತಾರೆ, ನೀವು ಬರೆಯುತ್ತೀರಿ, ಎಲ್ಲರೂ ತಿದ್ದುತ್ತಾರೆ. ಆಮೇಲೆ ಅದನ್ನು ಅಳಿಸಿ. ಐದಾರು ಪದ ಮಾತ್ರ ಉಳಿಸಿ, ಮಕ್ಕಳು ತಮ್ಮ ಮನೆಯ ಬಗ್ಗೆ, ತಮ್ಮೂರಿನ ಬಗ್ಗೆ ಬರೆಯಲಿ.

ಆರನೇ ತರಗತಿಯ ಮಗು ಹೀಗೆ ಬರೆದಿದೆ ಅಂದುಕೊಳ್ಳಿ: "ಮೈ ಫಾದರ್ ಫಾರ್ಮರ್. ಹೀ ಗೋ ಫೀಲ್ಡ್ ಎವ್ರಿ ಡೇ. ಐ ಆಮ್ ಹೆಲ್ಪಿಂಗ್ ಹಿಮ್ ಆನ್ ಸಂಡೇ. ಯೆಸ್ಟರ್‌ಡೇ ವಿ ಟೇಕ್ ಚಿಲ್ಲಿ. ಮೈ ಹ್ಯಾಂಡ್ ಈಸ್ ಬರ್ನಿಂಗ್." ಒಂದೆರಡು ಕಡೆ ಸ್ಪೆಲಿಂಗೂ ತಪ್ಪಿದೆ.

ಕೆಂಪು ಪೆನ್ನು ಹಿಡಿದರೆ ಪುಟ ತುಂಬಾ ಗೆರೆ. ಆದರೆ ಸ್ವಲ್ಪ ನಿಂತು ನೋಡಿ. ಅಪ್ಪ ಯಾರು, ಏನು ಮಾಡುತ್ತಾರೆ, ನಾನೇನು ಮಾಡುತ್ತೇನೆ, ನಿನ್ನೆ ಏನಾಯಿತು, ಈಗ ಹೇಗಿದೆ, ಎಲ್ಲ ಕ್ರಮವಾಗಿ ಬಂದಿದೆ. ಮೆಣಸಿನಕಾಯಿ ಬಿಡಿಸಿ ಕೈ ಉರಿಯುವ ಆ ಕೊನೆಯ ಸಾಲು ಯಾವ ಗೈಡಿನಲ್ಲೂ ಸಿಗುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಮೊದಲ ಸಾಲಿನಲ್ಲಿ "ಈಸ್" ಬಿಟ್ಟುಹೋಗಿದ್ದು ಕನ್ನಡದಿಂದ ಬಂದದ್ದು. "ನಮ್ಮಪ್ಪ ರೈತ" ಎನ್ನುವಾಗ ನಮಗೆ ಕ್ರಿಯಾಪದ ಬೇಕಿಲ್ಲ. "ಗೋ" ಆದಮೇಲೆ "ಟು" ಇಲ್ಲದ್ದು, ಆರ್ಟಿಕಲ್ ಬಿಟ್ಟುಹೋಗಿದ್ದು ಕೂಡ ಹಾಗೆಯೇ.

ಹತ್ತು ಅಂಕವನ್ನು ನಾನು ಹೀಗೆ ಹಂಚುತ್ತೇನೆ: ವಿಷಯಕ್ಕೆ 4, ಕ್ರಮಕ್ಕೆ 2, ವಾಕ್ಯರಚನೆಗೆ 2, ಸ್ಪೆಲಿಂಗ್ ಮತ್ತು ಚಿಹ್ನೆಗಳಿಗೆ 2. ಈ ಬರಹಕ್ಕೆ 3, 2, 1, 1, ಒಟ್ಟು 7. ಗೈಡಿನ ಪ್ರಬಂಧವನ್ನೇ ತಪ್ಪಿಲ್ಲದೆ ಇಳಿಸಿದ ಹತ್ತು ಹಾಳೆ ಬಂದರೆ ಅವಕ್ಕೆ ವಿಷಯದ ಅಂಕ ಕೊಡುವುದು ಕಷ್ಟ. ಅಂಥ ಮಕ್ಕಳನ್ನು ಬೈಯದೆ, "ಇದರಲ್ಲಿ ನಿಮ್ಮಪ್ಪ ಎಲ್ಲಿದ್ದಾರೆ? ಎರಡು ಸಾಲು ಸೇರಿಸು" ಎಂದು ಹಾಳೆ ವಾಪಸ್ ಕೊಡಿ.

ತಿದ್ದುವಾಗ ಒಂದು ಸಲಕ್ಕೆ ಒಂದೇ ತಪ್ಪು ಹಿಡಿಯಿರಿ. ಮೇಲಿನ ಮಗುವಿಗಾದರೆ "ಈಸ್" ಮಾತ್ರ. ಆ ಜಾಗದಲ್ಲಿ ಒಂದು ಗುರುತು ಹಾಕಿ, ಉತ್ತರ ಬರೆಯಬೇಡಿ, ಮಗುವೇ ಹುಡುಕಲಿ. "ವಿ ಟೇಕ್ ಚಿಲ್ಲಿ" ಹತ್ತಿರ "ಪಿಕ್ಡ್" ಎಂಬ ಪದ ಕೊಡಿ, ಅದು ಆ ಮಗುವಿಗೆ ಈಗಲೇ ಬೇಕಾದ ಪದ. ಎರಡನೇ ಸಲ ಬರೆದದ್ದನ್ನು ಕೃತಿ ಸಂಪುಟದಲ್ಲಿ, ಅಂದರೆ ಮಗುವಿನ ಕೆಲಸಗಳನ್ನು ಕೂಡಿಡುವ ಫೈಲಿನಲ್ಲಿ, ಮೊದಲನೆಯದರ ಜೊತೆಗೇ ಇಡಿ. ಅಂಕ ಎರಡನೆಯದಕ್ಕೆ ಕೊಡಿ.

ಹೆಜ್ಜೆ 7: ಎಫ್‌ಎ, ಎಸ್‌ಎಗೆ ಹೊಂದಿಸುವುದು

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ಕೇಳುತ್ತೀರಿ. ವರ್ಷಕ್ಕೆ ನಾಲ್ಕು ಎಫ್‌ಎ ಹೇಗೂ ಇವೆ, ಅಂದರೆ ಕಲಿಕೆಯ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನಗಳು. ಅವನ್ನು ಸಣ್ಣ ಲಿಖಿತ ಪರೀಕ್ಷೆಯಾಗಿ ಮುಗಿಸುವ ಬದಲು ಪ್ರತಿ ಎಫ್‌ಎಯ ಚಟುವಟಿಕೆಗಳಲ್ಲಿ ಒಂದನ್ನು ಕೇಳುವುದಕ್ಕೆ, ಒಂದನ್ನು ಮಾತಿಗೆ ಮೀಸಲಿಡಿ. ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಅವಧಿ ಮುಗಿದಾಗಿನ ಪರೀಕ್ಷೆ) ಪತ್ರಿಕೆಯಲ್ಲಿ ಓದು, ಬರಹ ಬರುತ್ತವೆ. ಎಸ್‌ಎಸ್‌ಎಲ್‌ಸಿಯ ದ್ವಿತೀಯ ಭಾಷೆಯಲ್ಲೂ (ನಮ್ಮ ಮಕ್ಕಳಿಗೆ ಅದು ಇಂಗ್ಲಿಷ್) ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20. ಆ 20 ಅಂಕ ನಮ್ಮ ಕೈಯಲ್ಲಿದೆ. ಎಲ್ಲರಿಗೂ ಸುಮ್ನೆ 18, 19 ಹಾಕಿ ಕಳಿಸಿದರೆ ಮಾತಾಡಲು ಕಲಿತ ಮಗುವಿಗೂ ಕಲಿಯದ ಮಗುವಿಗೂ ವ್ಯತ್ಯಾಸವೇ ಉಳಿಯುವುದಿಲ್ಲ, ಮುಂದೆ ಯಾರಿಗೂ ಕಲಿಯುವ ಒತ್ತಾಯವೂ ಇರುವುದಿಲ್ಲ. ಬೇರೆ ಬೇರೆ ಅಂಕ ಬರಲಿ, ಕಡಿಮೆ ಬಂದವರಿಗೆ ಇನ್ನೊಂದು ಅವಕಾಶವೂ ಸಿಗಲಿ.

ಪ್ರತಿ ಎಫ್‌ಎ ಆದಮೇಲೆ ಜೂನ್‌ನ ಹಾಳೆ ತೆಗೆದು ಪಕ್ಕದಲ್ಲಿ ಹೊಸ ಗುರುತು ಹಾಕಿ. ಅಂಕ ಕೂಡಿಸುವುದಕ್ಕಿಂತ ಇದು ಮುಖ್ಯ. ಪದ ಓದುವವರು ವಾಕ್ಯಕ್ಕೆ ಬಂದರಾ? ಯಾರು ಅಲ್ಲೇ ನಿಂತಿದ್ದಾರೆ? ನಿಂತವರನ್ನು ಆರೇಳು ಜನರ ಗುಂಪು ಮಾಡಿ ಪರಿಹಾರ ಬೋಧನೆಗೆ ದಿನಾ ಹದಿನೈದು ನಿಮಿಷ ಕೊಡಿ. ಆ ಹೊತ್ತಿಗೆ ಉಳಿದವರು ಓದುವ ಮೂಲೆಯ ಪುಸ್ತಕ ಓದಲಿ. ಒಂದು ತಿಂಗಳ ನಂತರ ಗುಂಪು ಬದಲಿಸಿ. ಒಂದೇ ಗುಂಪಿನಲ್ಲಿ ವರ್ಷವಿಡೀ ಕೂತ ಮಗು ತಾನು ದಡ್ಡ ಎಂದೇ ನಂಬಿಬಿಡುತ್ತದೆ.

ಪೋಷಕರ ಸಭೆಯಲ್ಲಿ ಪ್ರಗತಿ ಪತ್ರದ ಜೊತೆ ಮಗುವಿನ ಎರಡು ಹಾಳೆ, ಜೂನ್‌ದು ಮತ್ತು ಈಗಿನದು, ಕೈಗೆ ಕೊಡಿ. ಇಂಗ್ಲಿಷ್ ಬಾರದ ತಾಯಿಗೂ ವ್ಯತ್ಯಾಸ ಕಾಣುತ್ತದೆ. ಬೇಕಿದ್ದರೆ ಮಗುವೇ ಓದಿ, ಕನ್ನಡದಲ್ಲಿ ಅರ್ಥ ಹೇಳಲಿ.

ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ಮುಂಚೆ ಆ ನಾಲ್ಕು ಕಾಲಂ ಹಾಳೆಯ ಜೆರಾಕ್ಸ್ ತೆಗೆದು, ಮುಂದಿನ ತರಗತಿಗೆ ಇಂಗ್ಲಿಷ್ ತೆಗೆದುಕೊಳ್ಳುವವರಿಗೆ ಕೊಡಿ. ಯಾರಿಗೆ ಧ್ವನಿಗಳಲ್ಲಿ ತೊಡಕಿದೆ, ಯಾರು ಜೋಡಿಯಲ್ಲಿ ಮಾತ್ರ ಮಾತಾಡುತ್ತಾರೆ ಎಂದು ಹೆಸರಿನ ಪಕ್ಕ ಒಂದೊಂದು ಸಾಲು ಕನ್ನಡದಲ್ಲೇ ಬರೆದಿರಿ. ಹೀಗೆ ಮಾಡಿದರೆ ಜೂನ್‌ನ ಸೇತುಬಂಧದಲ್ಲಿ ಅವರು ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಿಲ್ಲ. ರಜೆಯಲ್ಲಿ ಏನು ಮರೆತಿದ್ದಾರೆ ಎಂದಷ್ಟೇ ನೋಡಿಕೊಂಡರೆ ಸಾಕು.